ಮೊಣಕಾಲುದ್ದ ನೀರು

ಪ್ರವಾಸದ ಅಂಕಣ ಬರೆಯುತ್ತಿದ್ದ ಆ ಮನುಷ್ಯರಿಗೆ ಬಸ್ಸು ಆಗುತ್ತಿರಲಿಲ್ಲ. ಹತ್ತಿ ಕೂತು ಒಂದೆರಡು ತಿರುವು ದಾಟುವುದರೊಳಗೆ ಹೊಟ್ಟೆ ತೊಳಸುತ್ತಿತ್ತು. ಕಾರೂ ಅಷ್ಟೆ. ಅಂಗಿಯ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಇಟ್ಟುಕೊಂಡಿರುತ್ತಿದ್ದರು. ಶಿವಮೊಗ್ಗದ ನಮ್ಮ ಕಚೇರಿಯಿಂದ ಗೋಪಿ ಸರ್ಕಲ್‌ವರೆಗೆ ಆಟೊದಲ್ಲಿ ಹೋಗುವುದಿದ್ದರೂ ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ಒಗ್ಗುತ್ತಿದ್ದುದು ರೈಲು ಮಾತ್ರ. ಭದ್ರಾವತಿಯ ಹಳೇನಗರದಲ್ಲಿ ಮನೆ, ಶಿವಮೊಗ್ಗದಲ್ಲಿ ಕೆಲಸ. ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ರೈಲಿನಲ್ಲಿ ಹೋಗುತ್ತಿದ್ದರು. ಈ ಎರಡು ಊರುಗಳನ್ನು ಬಿಟ್ಟು ಮೂರನೆಯದಕ್ಕೆ ಅವರು ಹೋದದ್ದನ್ನು ನಾನು ಅವರ ಜೊತೆ ಕೆಲಸ ಮಾಡಿದ ಅಷ್ಟು ವರ್ಷಗಳಲ್ಲಿ ಕಾಣಲಿಲ್ಲ. ಹಾಗಿದ್ದೂ ಪ್ರತಿ ಭಾನುವಾರ ಅವರ ‘ಒಂದು ದಿನದ ದಾರಿ’ ಜಿಲ್ಲೆಯ ಜನರಿಗೆ ಯಾವ ಊರಿಗೆ ಹೋಗಬೇಕು, ಅಲ್ಲಿ ಏನು ನೋಡಬೇಕು, ಯಾರ ಮನೆಯ ಮುಂದೆ ನಿಂತು ನೀರು ಕೇಳಬೇಕು ಎಂಬುದನ್ನು ಹೇಳುತ್ತಿತ್ತು.

ಅವರು ಹೋದ ತಿಂಗಳು ತೀರಿಕೊಂಡರು. ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ಶ್ರದ್ಧಾಂಜಲಿಗಳಲ್ಲಿ ಅದು ಬೇಕಾದಷ್ಟು ಸಲ ಅಚ್ಚಾಗಿದೆ. ಜಿಲ್ಲೆಯನ್ನು ನಮಗೆ ತೋರಿಸಿಕೊಟ್ಟವರು, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವರು ಎಂದೆಲ್ಲ ಬಂದಿದೆ. ಚಕ್ರದ ಮಾತು ಬರೆದವರು ಅವರ ಪಕ್ಕದ ಮೇಜಿನಲ್ಲೇ ಕೂರುತ್ತಿದ್ದವರು. ಆ ನಿಂಬೆಹಣ್ಣನ್ನು ಅವರೂ ನೋಡಿದ್ದರು.

ನಾನು ಭಾನುವಾರದ ಪುಟದ ಉಪಸಂಪಾದಕಿಯಾಗಿದ್ದೆ. ಅವರ ಪ್ರತಿ ಬರಹವೂ ನನ್ನ ಕೈ ದಾಟಿ ಅಚ್ಚಿಗೆ ಹೋಗುತ್ತಿತ್ತು. ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. ಬರಹ ಒಂದು ದಿನವೂ ತಡವಾಗುತ್ತಿರಲಿಲ್ಲ. ಕಾಗುಣಿತದ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ವಾಕ್ಯಗಳು ಸಣ್ಣವು, ಓದಿದರೆ ಊರು ಕಣ್ಣಿಗೆ ಕಟ್ಟುತ್ತಿತ್ತು. ಸೋಮವಾರ ಬೆಳಿಗ್ಗೆ ಓದುಗರು ಫೋನ್ ಮಾಡಿ ಅವರನ್ನೇ ಕೇಳುತ್ತಿದ್ದರು. ರಿಸೀವರ್ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ, ಹೊಗಳಿಕೆಯನ್ನು ಪೂರ್ತಿ ಕೇಳಿ, ಕೊನೆಗೆ “ಎಲ್ಲ ಓಡಾಟದ ಪುಣ್ಯ” ಎನ್ನುತ್ತಿದ್ದರು.

ಆ ಓಡಾಟ ಎಂಥದೆಂದು ನನಗೆ ತಿಳಿದದ್ದು ಒಂದು ಬೆಳಿಗ್ಗೆ. ಭದ್ರಾವತಿಯ ನ್ಯೂಟೌನಿನಲ್ಲಿದ್ದ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಕಚೇರಿಗೆ ಅವರು ಬರುವ ರೈಲಿನಲ್ಲೇ ಹೊರಟೆ. ಅವರು ಕಿಟಕಿಯ ಪಕ್ಕ ಕೂತಿದ್ದರು. ಸುತ್ತ ಕಾರ್ಖಾನೆಯವರು, ಶಿವಮೊಗ್ಗದ ಅಂಗಡಿಗಳಲ್ಲಿ ಕೆಲಸಕ್ಕಿದ್ದವರು, ಒಬ್ಬಿಬ್ಬರು ಗುಮಾಸ್ತರು. ಅದು ಅವರ ದರ್ಬಾರು.

“ಎನ್ನ ಸಾರ್, ಈ ವಾರ ಯಾವ ಊರು?” ಎಂದು ಎದುರಿಗಿದ್ದ ತಮಿಳಿನವರೊಬ್ಬರು ಕೇಳಿದರು.

“ನಿಮ್ಮೂರೇ ಯಾಕಾಗ್ಬಾರ್ದು?”

“ನಮ್ಮೂರು ಸೇಲಂ ಪಕ್ಕ ಸಾರ್. ಒಂದೇ ದಿನದಲ್ಲಿ ಹೋಗಿ ಬರೋಕೆ ನಿಮ್ಮ ಪೇಪರ್ ವಿಮಾನ ಕೊಡುತ್ತಾ?”

ಎಲ್ಲರೂ ನಕ್ಕರು. ಅವರೂ ನಕ್ಕು, ಪಕ್ಕದಲ್ಲಿದ್ದ ಇನ್ನೊಬ್ಬನ ಕಡೆ ತಿರುಗಿ, ಹೆಂಡತಿಯ ತವರು ಯಾವುದು, ಅಲ್ಲಿ ಗುಡ್ಡ ಇದೆಯೇ, ಗುಡಿ ಇದೆಯೇ, ಗುಡಿಯ ಮುಂದೆ ಯಾವ ಮರ, ಬೆಳಿಗ್ಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಕೇಳುತ್ತಾ ಹೋದರು. ಕೇಳುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಆತ ತನಗೇ ಗೊತ್ತಿಲ್ಲ ಅಂದುಕೊಂಡಿದ್ದನ್ನೆಲ್ಲ ಹೇಳಿದ. ರೈಲು ತುಂಗೆಯ ಸೇತುವೆಗೆ ಬರುವ ಹೊತ್ತಿಗೆ ಅಂಕಣ ಸಿದ್ಧವಾಗಿತ್ತು. ಆ ಭಾನುವಾರ ಅದು ‘ನಾನು ಗುಡಿಯ ಮೆಟ್ಟಿಲ ಮೇಲೆ ಕೂತಾಗ’ ಎಂದು ಶುರುವಾಯಿತು.

ಆ ಬೆಳಿಗ್ಗೆ ರೈಲಿನಿಂದ ಇಳಿಯುವಾಗ ಕೇಳಿದೆ, “ಸಾರ್, ಒಂದ್ಸಲ ಹೋಗಿ ನೋಡ್ಕೊಂಡು ಬರಬಹುದಲ್ವಾ?”

“ನೋಡಿದವನು ಒಬ್ಬನ ಕಣ್ಣಲ್ಲಿ ನೋಡ್ತಾನೆ ಮಾರಾಯ್ತಿ. ಕೇಳಿದವನು ಊರಿನ ಕಣ್ಣಲ್ಲೇ ನೋಡ್ತಾನೆ” ಎಂದರು. ಮಾತು ಚೆನ್ನಾಗಿತ್ತು. ಅವರ ಮಾತು ಯಾವತ್ತೂ ಚೆನ್ನಾಗಿರುತ್ತಿತ್ತು, ಅದಕ್ಕೆ ಎದುರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಆಟೊ ಹತ್ತಿ ನಿಂಬೆಹಣ್ಣು ತೆಗೆದಿರುತ್ತಿದ್ದರು.

ಬಸ್ಸು ಹತ್ತಿದರೆ ವಾಂತಿಯಾಗುವುದು ತಪ್ಪಲ್ಲ. ಊರಿನವರನ್ನು ಕೇಳಿ ಬರೆಯುವುದೂ ತಪ್ಪಲ್ಲ. ಪತ್ರಿಕೆಯವರು ದಿನಾ ಮಾಡುವುದು ಅದನ್ನೇ. ‘ಕೇಳಿದೆ’ ಎಂದು ಬರೆಯಬೇಕಾದಲ್ಲಿ ‘ಕಂಡೆ’ ಎಂದು ಬರೆಯುವುದು ತಪ್ಪು. ನಾನು ಅಂಥ ವಾಕ್ಯಗಳಿಗೆ ಗೆರೆ ಹಾಕಿ ಅವರ ಮೇಜಿಗೆ ವಾಪಸ್ ಕಳಿಸುತ್ತಿದ್ದೆ. ಅವರು ಅದನ್ನು ನೇರವಾಗಿ ಸಂಪಾದಕರ ಕೋಣೆಗೆ ಒಯ್ಯುತ್ತಿದ್ದರು. ಬರಹ ಗೆರೆಯಿಲ್ಲದೆ ಹೊರಗೆ ಬರುತ್ತಿತ್ತು.

ಅವರ ಎಲ್ಲ ಊರುಗಳಲ್ಲೂ ಒಬ್ಬ ಮುದುಕಿ ಇರುತ್ತಿದ್ದಳು. ಬಂದವರಿಗೆ ಮಜ್ಜಿಗೆ ಕೊಡುವುದು ಅವಳ ಕೆಲಸ. ಕೂಡ್ಲಿಯಲ್ಲಿ ಕೊಟ್ಟಳು, ಗಾಜನೂರಿನಲ್ಲಿ ಕೊಟ್ಟಳು, ಸಕ್ರೆಬೈಲಿನಲ್ಲಿ ಆನೆ ನೋಡಿ ಬಂದವರಿಗೂ ಕೊಟ್ಟಳು. ಜಾಗ ಸಾಲದೆ ಬಂದಾಗ ನಾನು ಮೊದಲು ಕತ್ತರಿಸುತ್ತಿದ್ದುದು ಅವಳನ್ನೇ. “ನನ್ನ ಮುದುಕೀನ ಮತ್ತೆ ಕೊಂದ್ಯಾ? ನೀನು ತೀರಾ ಒಣಗಿದವಳು ಮಾರಾಯ್ತಿ” ಎಂದು ಕಚೇರಿಗೆಲ್ಲ ಕೇಳುವಂತೆ ಹೇಳಿ ನಗಿಸುತ್ತಿದ್ದರು.

ಇನ್ನೊಂದು ಪದ್ಧತಿಯಿತ್ತು. ರೈಲಿನಲ್ಲಿ ಒಳ್ಳೆಯ ಮಾತುಗಾರರು ಸಿಕ್ಕ ವಾರ ಮೂರು ನಾಲ್ಕು ಊರುಗಳನ್ನು ಒಟ್ಟಿಗೆ ಬರೆದಿಡುತ್ತಿದ್ದರು. ಅದಕ್ಕೆ ‘ಉಪ್ಪಿನಕಾಯಿ’ ಎಂದು ಹೆಸರಿಟ್ಟಿದ್ದರು. ಯಾವ ವಾರ ಏನೂ ಸಿಗಲಿಲ್ಲವೋ ಆ ವಾರ ಭರಣಿಯಿಂದ ಒಂದು ಹೊರಗೆ ಬರುತ್ತಿತ್ತು. ಬರೆದದ್ದು ಯಾವ ತಿಂಗಳು, ಅಚ್ಚಾಗುತ್ತಿರುವುದು ಯಾವ ತಿಂಗಳು ಎಂಬುದನ್ನು ಅವರು ನೋಡುತ್ತಿರಲಿಲ್ಲ. ಮಂಡಗದ್ದೆಯ ಹಕ್ಕಿಗಳ ಬಗ್ಗೆ ಮಳೆಗಾಲದಲ್ಲಿ ಬರೆದಿಟ್ಟಿದ್ದು ಬೇಸಿಗೆಯಲ್ಲಿ ಬಂತು. ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ ಖಾಲಿ ಮರ ನೋಡಿ ಬಂದರು. ಒಬ್ಬರು ಫೋನ್ ಮಾಡಿ ಬೈದರು. “ಹಕ್ಕಿಗಳಿಗೆ ನಮ್ಮ ಪೇಪರ್ ಸಿಗಲ್ಲ ಅಂತ ಕಾಣುತ್ತೆ ಸಾರ್” ಎಂದು ಇವರು ಅಂದಾಗ ಬೈಯುತ್ತಿದ್ದವರೇ ಆ ಕಡೆಯಿಂದ ನಕ್ಕರಂತೆ. ಕಚೇರಿಯಲ್ಲಿ ಆ ಮಾತು ಬಹಳ ದಿನ ಓಡಾಡಿತು. ಖಾಲಿ ಮರ ನೋಡಿದವರಿಗೆ ಒಂದು ಭಾನುವಾರ ಹಾಳಾಯಿತು, ಅಷ್ಟೆ. ಹಾಗಾಗಿ ಯಾರೂ ಅದನ್ನು ತಪ್ಪು ಎಂದು ಕರೆಯಲಿಲ್ಲ.

ಮುಂದೆ ಹೇಳುವುದು ಕುಂಸಿಯ ಆಚೆ ಇರುವ ಒಂದು ಕೆರೆಯ ವಿಷಯ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೊಂದಿಷ್ಟು ಜನ ಹೋಗುತ್ತಾರೆ.

‘ಮೊಣಕಾಲುದ್ದದ ಸುಖ’ ಎಂದು ತಲೆಬರಹ. ಗುಡ್ಡದ ಬುಡದಲ್ಲಿ ಕೆರೆ, ಏರಿಯ ಮೇಲೆ ಮಾವಿನ ಮರಗಳ ಸಾಲು, ಮೆತ್ತನೆಯ ಮಣ್ಣಿನ ತಳ, ಮೊಣಕಾಲುದ್ದ ನೀರು. ಪ್ಯಾಂಟು ಮಡಚಿ ಈ ದಡದಿಂದ ಆ ದಡಕ್ಕೆ ನಡೆದೇ ದಾಟಬಹುದು. ತೂಬಿನ ಪಕ್ಕದ ಮನೆಯಲ್ಲಿ ಮಜ್ಜಿಗೆ. ಬೇಸಿಗೆಯಲ್ಲಿ ಬರೆದು ಭರಣಿಗೆ ಹಾಕಿದ್ದು ಮಳೆಗಾಲ ಮುಗಿದ ಮೇಲೆ, ಕೆರೆ ಕೋಡಿ ಬಿದ್ದು ನಿಂತಿದ್ದ ಕಾಲದಲ್ಲಿ ಹೊರಗೆ ಬಂತು. ಆ ಭಾನುವಾರ ನಾನು ರಜೆಯಲ್ಲಿದ್ದೆ. ಇದ್ದಿದ್ದರೂ ಗೆರೆ ಎಳೆಯುತ್ತಿದ್ದೆ, ಗೆರೆ ಅಳಿಸಿಹೋಗುತ್ತಿತ್ತು.

ಎರಡು ವಾರ ಕಳೆದ ಮೇಲೆ ತೂಬಿನ ಪಕ್ಕದ ಮನೆಯ ಹೆಂಗಸು ಕಚೇರಿಗೆ ಬಂದರು. ಹೆಸರು ಹಾಲಮ್ಮ. ಎಮ್ಮೆ ಕಟ್ಟಿಕೊಂಡು, ಕೂಲಿಗೂ ಹೋಗಿ ಸಂಸಾರ ನಡೆಸುತ್ತಿದ್ದವರು. ಯಾರೋ ಅವರಿಗೆ ಪೇಪರ್ ಓದಿ ಹೇಳಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಮೇಜಿನ ಮುಂದೆ ನಿಂತು, ಕೆರೆ ಬಗ್ಗೆ ಬರೆದವರು ಯಾರು ಎಂದು ಕೇಳಿದರು. ಅವರನ್ನು ತೋರಿಸಿದೆ.

“ನೀವಾ ಸಾರ್? ನೀವು ಬಂದಿದ್ದನ್ನ ನಾನು ನೋಡ್ಲೇ ಇಲ್ವಲ್ಲ.”

“ಬಂದಿದ್ದೆ ತಾಯಿ. ನೀವು ಗದ್ದೆಗೆ ಹೋಗಿದ್ರಿ ಅಂತ ಕಾಣುತ್ತೆ.”

“ಮತ್ತೆ ಮಜ್ಜಿಗೆ ಯಾರು ಕೊಟ್ರು ಸಾರ್ ನಿಮಗೆ? ಭಾನುವಾರ ಬಂದೋರೆಲ್ಲ ಮಜ್ಜಿಗೆ ಕೊಡಿ ಅಂತಾರೆ. ನಮ್ಮನೇಲಿ ಕರೆಯೋ ಎಮ್ಮೆ ಒಂದೇ. ಹಾಲು ಡೈರಿಗೆ ಹಾಕ್ತೀವಿ.”

ನಮ್ಮ ಕಡೆಯಿಂದ ಒಂದಿಬ್ಬರು ನಕ್ಕರು. ಅವರೂ ನಕ್ಕು, ಕುರ್ಚಿ ಎಳೆದು ಕೂರಿಸಿ, ಟೀ ತರಿಸಿದರು. ಹಾಲಮ್ಮ ಟೀ ಮುಟ್ಟಲಿಲ್ಲ.

“ಮಜ್ಜಿಗೆ ಹಾಳಾಗ್ಲಿ ಬಿಡಿ. ನೀರು ಮೊಣಕಾಲುದ್ದ ಅಂತ ಬರ್ದಿದೀರಂತೆ. ಇಟ್ಟಿಗೆ ಗೂಡಿನೋರು ಮಣ್ಣು ತೆಗ್ದು ತೆಗ್ದು ಕೆರೆ ಒಳಗೆಲ್ಲ ಗುಂಡಿ ಸಾರ್. ಬೇಸಿಗೇಲಿ ಕಣ್ಣಿಗೆ ಕಾಣುತ್ತೆ, ಪಕ್ಕದಲ್ಲಿ ನಡ್ಕೊಂಡು ಹೋಗಬಹುದು. ಈಗ ಮೇಲೆ ಸಮ ನೀರು. ನಮ್ಮ ಎಮ್ಮೇನೇ ಆ ಕಡೆ ಹೋಗಲ್ಲ. ಬಂದೋರು ಇಳೀತಾರೆ. ಬೇಡ ಅಂದ್ರೆ ‘ಪೇಪರಲ್ಲಿದೆ’ ಅಂತಾರೆ. ಇನ್ನೊಂದ್ಸಲ ಬರೀರಿ, ಗುಂಡಿ ಇದೆ, ಇಳೀಬೇಡಿ ಅಂತ.”

“ಬರೆಯೋಣ ತಾಯಿ. ನಾನೇ ಮುಂದಿನ ವಾರ ಬರ್ತೀನಿ, ನೋಡ್ಕೊಂಡೇ ಬರೀತೀನಿ.”

“ಬನ್ನಿ ಸಾರ್. ಎಲ್ಲಿ ಗುಂಡಿ ಅಂತ ನಾನೇ ಕೋಲು ಇಟ್ಟು ತೋರಿಸ್ತೀನಿ.”

ಹಾಲಮ್ಮ ಹೋದ ಮೇಲೆ ನಾನು ತಿದ್ದುಪಡಿಯ ನಾಲ್ಕು ಸಾಲು ಬರೆದು ಸಂಪಾದಕರಿಗೆ ಕೊಟ್ಟೆ. ಸಂಪಾದಕರು ಅದನ್ನು ಅಂಕಣ ಬರೆದವರಿಗೇ ತೋರಿಸಿದರು. “ನನ್ನ ಅಂಕಣಕ್ಕೆ ಇವತ್ತಿನವರೆಗೆ ತಿದ್ದುಪಡಿ ಬಂದಿಲ್ಲ. ಬರುತ್ತೆ ಅಂದ್ರೆ ಅಂಕಣ ಬೇಡ” ಎಂದರು ಅವರು. ಪತ್ರಿಕೆಗೆ ಭಾನುವಾರ ಇದ್ದ ಬೇಡಿಕೆ ಆ ಅಂಕಣದಿಂದ. ನಾಲ್ಕು ಸಾಲು ಸಂಪಾದಕರ ಮೇಜಿನಲ್ಲೇ ಉಳಿಯಿತು. ನಾನು ಎರಡು ಸಲ ಮತ್ತೆ ಕೇಳಿದೆ. ಎರಡನೆಯ ಸಲ ಸಂಪಾದಕರು, “ಅವರು ಹೋಗಿ ನೋಡ್ತೀನಿ ಅಂದಿದಾರಲ್ಲ, ಬಂದ ಮೇಲೆ ಹಾಕೋಣ” ಎಂದರು. ಮುಂದಿನ ವಾರ ಅವರು ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಇಬ್ಬರು ಗೆಳೆಯರೊಂದಿಗೆ ಭಾನುವಾರ ಆ ಕೆರೆಗೆ ಹೋದ. ಪ್ಯಾಂಟು ಮಡಚಿ ಇಳಿದ. ಸ್ವಲ್ಪ ದೂರ ನಡೆದ. ಆಮೇಲೆ ಕಾಣಲಿಲ್ಲ. ಹಾಲಮ್ಮ ಏರಿಯ ಮೇಲಿಂದ ಕೂಗುತ್ತಿದ್ದರಂತೆ. ಮಜ್ಜಿಗೆಯಮ್ಮ ಕರೆಯುತ್ತಿದ್ದಾಳೆ ಎಂದುಕೊಂಡು ಅವನು ಕೈ ಬೀಸಿದನಂತೆ. ಸುದ್ದಿ ನಮ್ಮ ವರದಿಗಾರರಿಂದ ಬಂತು. ಒಳಪುಟದಲ್ಲಿ ಒಂದು ಕಾಲಂ: ಈಜಲು ಹೋದ ಯುವಕ ನೀರುಪಾಲು. ಅವನು ಈಜಲು ಹೋಗಿರಲಿಲ್ಲ, ನಡೆಯಲು ಹೋಗಿದ್ದ ಎಂದು ನಾನು ಹೇಳಿದೆ. ‘ಈಜಲು’ ಎಂಬುದು ಹಾಗೆಯೇ ಉಳಿಯಿತು.

ಸೋಮವಾರ ಅವರು ಎಂದಿನಂತೆ ರೈಲಿನಲ್ಲಿ ಬಂದರು. ಎಂದಿನಂತೆ ಕೂತು ಬರೆದರು. ಆ ವಾರದ ಅಂಕಣದಲ್ಲಿ ಊರಿರಲಿಲ್ಲ. ಇಂದಿನ ಯುವಕರು ನಿಸರ್ಗಕ್ಕೆ ತಲೆಬಾಗುವುದನ್ನು ಮರೆತಿದ್ದಾರೆ, ನೀರಿನ ಮುಂದೆ ವಿನಯ ಬೇಕು, ಹಿರಿಯರ ಮಾತು ಕೇಳಬೇಕು ಎಂದಿತ್ತು. ಅದರಲ್ಲೂ ಒಬ್ಬ ಮುದುಕಿ ಇದ್ದಳು. ದಡದಲ್ಲಿ ನಿಂತು ‘ಬೇಡ ಮಗನೇ’ ಎಂದು ಕೂಗಿದಳು. ಓದುಗರು ಅತ್ತೆವು ಎಂದು ಫೋನ್ ಮಾಡಿದರು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

ನಾನು ಅವರ ಮೇಲೆ ಇಟ್ಟುಕೊಂಡಿರುವ ಸಿಟ್ಟಿಗೆ ಇಷ್ಟೂ ಸಾಲದು ಎನ್ನುವವರಿದ್ದಾರೆ. ತಪ್ಪು ಮಾಹಿತಿ ಸಿಕ್ಕಿತು, ಕಾಲ ತಪ್ಪಿ ಅಚ್ಚಾಯಿತು, ಯಾರಿಗಾದರೂ ಆಗುವಂಥದ್ದು. ನಾನೂ ಕೆಲವು ದಿನ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ನಾಗರಾಜ ಸಿಕ್ಕ. ಭದ್ರಾವತಿಯ ಕಾರ್ಖಾನೆಯಲ್ಲಿದ್ದು, ಅದು ನಿಂತ ಮೇಲೆ ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಗೆ ಸೇರಿದವನು. ರೈಲಿನಲ್ಲಿ ಅವರ ಎದುರು ಕೂರುತ್ತಿದ್ದ. ಆ ಕೆರೆಯ ಊರು ಅವನ ಹೆಂಡತಿಯ ತವರು. ಕೆರೆಯ ಬಗ್ಗೆ ಅವರಿಗೆ ಹೇಳಿದವನು ಅವನೇ. ನಾನು ಕೇಳುವ ಮುಂಚೆಯೇ ಹೇಳತೊಡಗಿದ.

“ಮೇಡಂ, ನಾನು ಬೇಸಿಗೆ ನೀರು ಅಂತಾನೇ ಹೇಳಿದ್ದು. ಗುಂಡಿ ವಿಷ್ಯಾನೂ ಹೇಳ್ದೆ. ಇಟ್ಟಿಗೆ ಮಣ್ಣಿನ ಗುಂಡಿ ಇದಾವೆ ಸಾರ್, ಆಳು ಮುಳುಗ್ತಾನೆ ಅಂದೆ.”

“ಅದಕ್ಕೆ ಏನಂದ್ರು?”

“ಗುಂಡಿ ಬಿಡು ನಾಗರಾಜ, ಭಾನುವಾರದ ಪುಟಕ್ಕೆ ಗುಂಡಿ ಯಾಕೆ ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ ಮೇಡಂ. ಅವರು ಹಂಗೆ ಅಂದ್ರೆ ನಗು ಬರೋದು.” ಆಮೇಲೆ, “ಹೆಂಡತಿ ಮನೆಯೋರು ನನ್ನ ಜೊತೆ ಮಾತು ಬಿಟ್ಟಿದಾರೆ” ಎಂದ.

ಮರುದಿನ ಅವರ ಮೇಜಿನ ಮುಂದೆ ನಿಂತು, ನಾಗರಾಜ ಗುಂಡಿಯ ವಿಷಯ ಹೇಳಿದ್ದು ನಿಜವೇ ಎಂದು ಕೇಳಿದೆ. ಅವರು ನಿಂಬೆಹಣ್ಣನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಉರುಳಿಸುತ್ತಾ ಕೂತರು. ಅವರು ವಾಹನದಲ್ಲಿಲ್ಲದಾಗ ಅದನ್ನು ಹೊರಗೆ ತೆಗೆದದ್ದನ್ನು ನಾನು ನೋಡಿದ್ದು ಆಗ ಮಾತ್ರ.

“ರೈಲಲ್ಲಿ ನೂರು ಜನ ನೂರು ಹೇಳ್ತಾರೆ. ಎಲ್ಲ ಬರೆದ್ರೆ ಅದು ಪ್ರವಾಸ ಆಗಲ್ಲ ಮಾರಾಯ್ತಿ, ಪಂಚಾಯ್ತಿ ವರದಿ ಆಗುತ್ತೆ.”

“ಒಂದು ಸಾಲು ಸಾಕಿತ್ತು ಸಾರ್.”

“ಆ ಒಂದು ಸಾಲಿಗೆ ಇಡೀ ಬರಹ ಮುಳುಗ್ತಿತ್ತು” ಎಂದರು. ತಮ್ಮ ಬಾಯಿಂದ ಏನು ಬಂತು ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು ಮತ್ತೆ ಬರೆಯತೊಡಗಿದರು.

ಆಮೇಲೂ ಅಂಕಣ ಹಲವು ವರ್ಷ ನಡೆಯಿತು. ಅವರು ನಿವೃತ್ತರಾದರು, ಶಾಲು ಹಾರ ಎಲ್ಲ ಆಯಿತು. ಪತ್ರಿಕೆಯೂ ನಿಂತುಹೋಯಿತು. ನಾನು ಬೇರೆ ಕಡೆ ಸೇರಿದೆ. ಕೆರೆಯ ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅವರು ತೀರಿಕೊಂಡ ವಾರವೇ ಅಭಿಮಾನಿಗಳು ಹಳೆಯ ಅಂಕಣಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಂಚತೊಡಗಿದರು. ಎಲ್ಲಕ್ಕಿಂತ ಹೆಚ್ಚು ಹಬ್ಬಿದ್ದು ‘ಮೊಣಕಾಲುದ್ದದ ಸುಖ’. ಅವರ ಬರಹಗಳಲ್ಲಿ ಅದೇ ಒಳ್ಳೆಯದು. ನನ್ನ ಅಭಿಪ್ರಾಯವೂ ಹೌದು. ನನಗೇ ಅದು ಬೇರೆ ಬೇರೆ ಗುಂಪುಗಳಿಂದ ಬಂತು, ಕೈಮುಗಿದ ಚಿತ್ರದ ಜೊತೆ. ಈ ವರ್ಷ ಮಳೆ ಚೆನ್ನಾಗಿ ಆಗಿದೆ. ಕೆರೆ ತುಂಬಿದೆ.

ಪುಸ್ತಕವೂ ಬರುತ್ತಿದೆ. ಆಯ್ದ ಅಂಕಣಗಳು. ಸಿದ್ಧಪಡಿಸುತ್ತಿರುವವರು ನಮ್ಮ ಹಳೆಯ ಸಹೋದ್ಯೋಗಿ. ಅವರಿಗೆ ಫೋನ್ ಮಾಡಿ, ಕೆರೆಯ ಬರಹ ಬಿಡಿ, ಇಲ್ಲವೇ ಕೆಳಗೆ ಒಂದು ಟಿಪ್ಪಣಿ ಹಾಕಿ ಎಂದೆ.

“ಸತ್ತವರ ಅಕ್ಷರ ಮುಟ್ಟಬಾರದು ಮೇಡಂ” ಎಂದರು.

“ಅಕ್ಷರ ಮುಟ್ಟೋದು ಬೇಡ. ಕೆಳಗೆ ಎರಡು ಸಾಲು.”

“ನಿಮಗೆ ಅವರ ಮೇಲೆ ಮೊದಲಿಂದಲೂ ಸ್ವಲ್ಪ ಇತ್ತು. ಈಗಲಾದರೂ ಬಿಡಿ. ಪುಸ್ತಕದ ಹೆಸರೇ ‘ಮೊಣಕಾಲುದ್ದದ ಸುಖ’ ಅಂತ ಇಟ್ಟಾಗಿದೆ.”

ಕಳೆದ ಭಾನುವಾರ ಆ ಊರಿಗೆ ಹೋದೆ. ಬಸ್ಸಿನಲ್ಲಿ ಕುಂಸಿಗೆ, ಅಲ್ಲಿಂದ ಆಟೊ. ಏರಿಯ ದಾರಿಗೆ ಅಡ್ಡವಾಗಿ ಮುಳ್ಳಿನ ಕೊಂಬೆ ಎಳೆದು ಹಾಕಿತ್ತು. ಅದರ ಪಕ್ಕ ಕಲ್ಲಿನ ಮೇಲೆ ಹಾಲಮ್ಮ ಕೂತಿದ್ದರು. ವಯಸ್ಸಾಗಿದೆ; ಈಗ ನಿಜಕ್ಕೂ ಆ ಅಂಕಣದ ಮುದುಕಿಯಂತೆಯೇ ಕಾಣುತ್ತಾರೆ. ಭಾನುವಾರ ಕೂಲಿಗೆ ಹೋಗುವುದನ್ನು ಆ ಸಾವಾದ ಮೇಲೆ ಬಿಟ್ಟೆ, ನಡುವೆ ಜನ ಬರುವುದು ನಿಂತಿತ್ತು, ಈಗ ಮತ್ತೆ ಶುರುವಾಗಿದೆ ಎಂದರು.

ನಾನಿರುವಾಗಲೇ ಎರಡು ಬೈಕುಗಳಲ್ಲಿ ಯುವಕರು ಬಂದರು. ಮುಳ್ಳು ನೋಡಿ ಇಳಿದು ಒಬ್ಬ ಮೊಬೈಲ್ ತೋರಿಸಿದ.

“ಅಜ್ಜಿ, ಕೆರೆ ಇದೇ ತಾನೆ? ಮಜ್ಜಿಗೆ ಕೊಡೋದು ನೀವೇನಾ?”

“ಕೆರೆ ಇದೇ. ಇಳಿಯಂಗಿಲ್ಲ. ಗುಂಡಿ ಇದೆ.”

“ಇಲ್ಲಿ ನಡ್ಕೊಂಡು ದಾಟಬಹುದು ಅಂತ ಬರ್ದಿದಾರಲ್ಲ ಅಜ್ಜಿ. ದೊಡ್ಡ ಪತ್ರಕರ್ತರು.”

“ಅವ್ರಿಗೆ ಫೋನ್ ಮಾಡಿ ಕೇಳಪ್ಪ.”

“ಅವ್ರು ಸತ್ತೋದ್ರಂತೆ.”

“ನೀರಿಗಿಳಿದು ಸತ್ರಾ?” ಎಂದರು ಹಾಲಮ್ಮ. ಯುವಕರು ನಕ್ಕರು. ಹಾಲಮ್ಮ ನಗಲಿಲ್ಲ. ಯುವಕರು ಏರಿಯ ಮೇಲೆ ನಿಂತು ಫೋಟೊ ತೆಗೆದುಕೊಂಡು, ಸ್ವಲ್ಪ ಹೊತ್ತು ಗೊಣಗಿ, ಹೋದರು.

“ಅವತ್ತು ಬರ್ತೀನಿ ಅಂದಿದ್ರು” ಎಂದರು ಹಾಲಮ್ಮ, ಬೈಕುಗಳ ಸದ್ದು ಅಡಗಿದ ಮೇಲೆ. “ನಾನು ಕೋಲು ಕಡಿದು ಇಟ್ಕೊಂಡಿದ್ದೆ, ಗುಂಡಿ ತೋರಿಸೋಕೆ. ನೀವಾದ್ರೂ ಬರೀರಿ. ಅದು ಮೊಬೈಲಲ್ಲಿ ಹೆಂಗೆ ಬರ್ತಿದ್ಯೋ ಹಂಗೇ ಇದೂ ಬರೋ ಥರ. ನಾನು ಎಷ್ಟು ಭಾನುವಾರ ಅಂತ ಇಲ್ಲಿ ಕೂರಲಿ.”

ಅಂದು ಕೊಟ್ಟಿದ್ದ ನಾಲ್ಕು ಸಾಲಿನ ಪ್ರತಿ ನನ್ನಲ್ಲಿಲ್ಲ. ಹೊಸದಾಗಿ ಬರೆದಿದ್ದೇನೆ, ಸ್ವಲ್ಪ ಉದ್ದವಾಗಿದೆ. ಅವರ ಅಂಕಣವನ್ನು ಹಂಚಿದವರು ಇದನ್ನೂ ಅದೇ ಗುಂಪುಗಳಿಗೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಿದ್ದುಪಡಿ: ‘ಮೊಣಕಾಲುದ್ದದ ಸುಖ’ ಎಂಬ ಬರಹದಲ್ಲಿ ಕೆರೆಯ ನೀರು ಮೊಣಕಾಲುದ್ದ ಇದೆ, ನಡೆದು ದಾಟಬಹುದು ಎಂದು ಹೇಳಲಾಗಿದೆ. ಇದು ತಪ್ಪು. ಕೆರೆಯ ತಳದಲ್ಲಿ ಮಣ್ಣು ತೆಗೆದ ಆಳವಾದ ಗುಂಡಿಗಳಿವೆ. ನೀರು ತುಂಬಿದಾಗ ಅವು ಕಾಣುವುದಿಲ್ಲ. ಅಲ್ಲಿ ಒಬ್ಬ ಯುವಕ ಮುಳುಗಿ ಸತ್ತಿದ್ದಾನೆ. ಅವನು ಈಜಲು ಹೋಗಿರಲಿಲ್ಲ. ತೂಬಿನ ಪಕ್ಕದ ಮನೆಯಲ್ಲಿ ಮಜ್ಜಿಗೆ ಕೊಡುವುದಿಲ್ಲ. ಬರೆದವರು ಆ ಕೆರೆಯನ್ನು ನೋಡಿರಲಿಲ್ಲ. ಗುಂಡಿಯ ವಿಷಯ ಅವರಿಗೆ ಗೊತ್ತಿತ್ತು.